ಅಪ್ಪ ಓದಿದ ಗುಡ್ಡ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಲೀನಾನ್ ಊರು ಇನ್ನೂ ಸ್ವಲ್ಪ ದೂರವಿತ್ತು. ಎಡಗಡೆ ಕಿಲ್ಲರಿ ಕೊಲ್ಲಿ, ಗುಡ್ಡಗಳ ನಡುವೆ ಹದಿನಾರು ಕಿಲೋಮೀಟರ್ ಒಳಕ್ಕೆ ನುಗ್ಗಿ ಬಂದ ಕಡಲು. ಮಳೆ ಆಗತಾನೆ ಬಿಟ್ಟಿತ್ತು. ಸಂಜೆ ಎಂಟಾಗಿದ್ದರೂ ಹೊತ್ತು ಮುಳುಗಿರಲಿಲ್ಲ. ಮೋಡದ ಸಂದಿಯಿಂದ ಬಿಸಿಲು ಓರೆಯಾಗಿ ಎದುರು ದಡದ ಗುಡ್ಡದ ಮೇಲೆ ಬಿದ್ದಿತ್ತು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅಪ್ಪ, "ಒಸಿ ಗಾಡಿ ನಿಲ್ಸವ್ವ" ಅಂದರು.

ಅಗಲ ಸಿಕ್ಕ ಕಡೆ ನಿಲ್ಲಿಸಿದೆ. ಅಪ್ಪ ಇಳಿದು, ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ತುಂಬ ಹೊತ್ತು ನೋಡಿದರು. ಗುಡ್ಡದ ಇಳಿಜಾರಿನ ತುಂಬ ಬಾಚಣಿಗೆ ಎಳೆದ ಹಾಗೆ ಗೆರೆಗಳು. ಹುಲ್ಲು ಒಂದೇ ಬಣ್ಣದ್ದು, ನೆರಳು ಮಾತ್ರ ಸಾಲುಸಾಲಾಗಿ ಬಿದ್ದಿತ್ತು.

"ಅದು ಆಲೂಗಡ್ಡೆ ಬೋದು ಕಣವ್ವ" ಅಂದರು ಅಪ್ಪ. ಬೋದು ಅಂದರೆ ಗೆಡ್ಡೆ ನೆಡಲು ಸಾಲಾಗಿ ಏರಿಸಿದ ಮಣ್ಣು. "ಯಾವ ಕಾಲದ್ದೋ. ಆಮೇಲೆ ಯಾರೂ ಉತ್ತಿಲ್ಲ."

ಇದಕ್ಕೂ ಮುಂಚೆ ಗೆಳತಿಯರ ಜೊತೆ ಎರಡು ಸಲ ಅದೇ ದಾರಿಯಲ್ಲಿ ಹೋಗಿದ್ದೆ. ಅದೇ ತಿರುವಿನಲ್ಲಿ ನಿಂತು ಫೋಟೋ ತೆಗೆದಿದ್ದೆ. ಆ ಗೆರೆಗಳು ನನ್ನ ಫೋಟೋದಲ್ಲೂ ಇವೆ, ಆಮೇಲೆ ತೆಗೆದು ನೋಡಿದೆ. ಡಬ್ಲಿನ್‌ಗೆ ಬಂದು ಆರು ವರ್ಷವಾಯಿತು, ಈ ದೇಶದ ಬರಗಾಲದ ಬಗ್ಗೆ ಓದಿದ್ದೇನೆ, ವಸ್ತುಸಂಗ್ರಹಾಲಯದಲ್ಲಿ ನಿಂತು ಫಲಕ ಓದಿದ್ದೇನೆ. ಆದರೆ ಆ ಗುಡ್ಡವನ್ನು ಓದಿದ್ದು ಅಪ್ಪ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಹಾಸನ ತಾಲ್ಲೂಕಿನಲ್ಲಿ ಮೂವತ್ತು ವರ್ಷ ಆಲೂಗಡ್ಡೆ ಬೆಳೆದವರು.

ಅಮ್ಮ ಹೋದ ಮೇಲೆ ಅಪ್ಪನನ್ನು ಒಂದು ಸಲವಾದರೂ ಇಲ್ಲಿಗೆ ಕರೆಸಿಕೊಳ್ಳಬೇಕು ಅಂತ ಹಟ ಹಿಡಿದಿದ್ದೆ. ಜುಲೈ ಮೊದಲ ವಾರ ಅಂತೂ ಬಂದರು. ಡಬ್ಲಿನ್‌ನ ಮನೆಯಲ್ಲಿ ನಾಲ್ಕು ದಿನಕ್ಕೇ ಬೇಜಾರಾಯಿತು. ಕಿಟಕಿ ಹತ್ತಿರ ಕೂತು, "ಈ ಊರಲ್ಲಿ ಮಣ್ಣೇ ಕಾಣಲ್ವಲ್ಲ" ಅಂದರು. ಅವತ್ತೇ ರಜೆ ಹಾಕಿದೆ. ಐದು ದಿನ, ಒಂದು ಹಳೆ ಕಾರು, ಡಬ್ಬಿ ತುಂಬ ಪುಳಿಯೋಗರೆ ಗೊಜ್ಜು, ಊರಿಂದ ಅಪ್ಪ ತಂದಿದ್ದ ರಾಗಿ ಹುರಿಹಿಟ್ಟು. ಕ್ಲೇರ್, ಕಾನಮಾರಾ, ಮೇಯೋ ಸುತ್ತಿ ಬರುವುದು ಅಂತ ಹೊರಟೆವು.

ಇಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಗಾಡಿ ಓಡಿಸುವುದು, ಹಾಗಾಗಿ ಪಕ್ಕದಲ್ಲಿ ಕೂತ ಅಪ್ಪನಿಗೆ ಗಾಬರಿಯಿರಲಿಲ್ಲ. ಗಾಲ್ವೇವರೆಗೆ ದೊಡ್ಡ ಹೆದ್ದಾರಿ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅದನ್ನು ಬಿಟ್ಟು ಒಳಗೆ ಇಳಿದ ಮೇಲೆ ಊರು ಶುರು. ಎರಡೂ ಕಡೆ ಆಳೆತ್ತರದ ಬೇಲಿ, ಅದರೊಳಗೆ ಕೆಂಪು ಜುಮಕಿಯಂತೆ ತೂಗುವ ಫ್ಯೂಷಿಯಾ ಹೂವು. ಒಂದೇ ಗಾಡಿ ಹಿಡಿಸುವ ದಾರಿ, ನಡುವೆ ಹುಲ್ಲು. ಇಂಥ ಓಣಿಗೆ ಇಲ್ಲಿಯವರು ಬೋರೀನ್ ಅನ್ನುತ್ತಾರೆ. ಐರಿಷ್‌ನಲ್ಲಿ ಬೋ ಅಂದರೆ ಹಸು, ರಸ್ತೆಗೆ ಅವರ ಮಾತು ಬೋಹರ್ ಹುಟ್ಟಿದ್ದೇ ಹಸುವಿನಿಂದ. ಒಂದು ಹಸು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ನಿಂತರೆ ಎಷ್ಟಾಗುತ್ತದೋ ಅಷ್ಟು ಅಗಲ ಇರಬೇಕು ಅಂತ ಅವರ ಹಳೆ ಪದಕೋಶವೊಂದು ರಸ್ತೆಗೆ ಅಳತೆ ಕೊಟ್ಟಿದೆ. ಸಂಸ್ಕೃತದ ಗೋ, ಐರಿಷ್‌ನ ಬೋ ಒಂದೇ ಬೇರಿನ ಮಾತುಗಳು. ಇದನ್ನು ಹೇಳಿದಾಗ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. "ದನ ಓಡಾಡಿದ್ದೇ ದಾರಿ. ನಮ್ಮಲ್ಲೂ ಹಂಗೇ ಅಲ್ವಾ" ಅಂದರು.

ಎದುರಿಗೆ ಬರುವ ಪ್ರತಿಯೊಬ್ಬರೂ ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಗುರುತಿರಲಿ ಇಲ್ಲದಿರಲಿ, ಅದು ಅವರ ನಮಸ್ಕಾರ. ಎರಡನೇ ದಿನದ ಹೊತ್ತಿಗೆ ಅಪ್ಪ ತಾವೂ ಬೆರಳು ಎತ್ತುತ್ತಿದ್ದರು. ಒಂದು ಕಡೆ ಟ್ರ್ಯಾಕ್ಟರ್ ಎದುರಾಗಿ, ನಾನು ಹಿಂದಕ್ಕೆ ತೆಗೆಯಲು ಒದ್ದಾಡುತ್ತಿದ್ದೆ. ಆ ಹುಡುಗ ಕೈಸನ್ನೆ ಮಾಡಿ ನನ್ನನ್ನು ನಿಲ್ಲಿಸಿ, ಹುಲ್ಲಿನ ಹೊರೆ ತುಂಬಿದ ಟ್ರೈಲರನ್ನು ತಾನೇ ಇನ್ನೂರು ಗಜ ಹಿಂದಕ್ಕೆ ಒಯ್ದ. ಅವನ ಕೈಚಳಕವನ್ನು ಅಪ್ಪ ಮುಂದಿನ ಊರು ಬರುವವರೆಗೂ ಹೊಗಳುತ್ತಲೇ ಇದ್ದರು.

ಫಲಕಗಳಲ್ಲಿ ಊರ ಹೆಸರು ಎರಡು ಭಾಷೆಯಲ್ಲಿರುತ್ತದೆ, ಮೇಲೆ ಓರೆ ಅಕ್ಷರದಲ್ಲಿ ಐರಿಷ್, ಕೆಳಗೆ ಇಂಗ್ಲಿಷ್. ಐರಿಷ್ ಮಾತಾಡುವ ಸೀಮೆಗೆ ಹೋದರೆ ಇಂಗ್ಲಿಷ್ ಸಾಲು ಕಾಣೆಯಾಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ಸರ್ವೇಯವರು ದೇಶವನ್ನೆಲ್ಲ ಅಳೆದು ನಕ್ಷೆ ಬರೆದಾಗ ಊರ ಹೆಸರುಗಳನ್ನು ಇಂಗ್ಲಿಷ್ ಕಿವಿಗೆ ಕೇಳಿದ ಹಾಗೆ ಬರೆದುಕೊಂಡರು. ಬೆಂಗಳೂರು ಬ್ಯಾಂಗಲೋರ್ ಆದ ಹಾಗೆಯೇ. ಒಳಗಿನ ಅರ್ಥ ಮಾತ್ರ ಹಾಗೇ ಉಳಿದಿದೆ. ಬ್ಯಾಲಿ ಅಂದರೆ ಊರು, ನಾಕ್ ಅಂದರೆ ಗುಡ್ಡ, ಲಾಖ್ ಅಂದರೆ ಕೆರೆ, ಮೋರ್ ಅಂದರೆ ದೊಡ್ಡದು. ದಾರಿಯುದ್ದಕ್ಕೂ ನಾನು ಬಿಡಿಸಿ ಹೇಳುವುದು, ಅಪ್ಪ ಕನ್ನಡದ ಹೆಸರು ಇಡುವುದು. ಡೂಲಾಖ್ ಕರಿಕೆರೆಯಾಯಿತು. ಸ್ಲೀವ್‌ಮೋರ್ ದೊಡ್ಡಬೆಟ್ಟವಾಯಿತು.

ಕ್ಲೇರ್‌ನಲ್ಲಿ ಮೋಹರ್ ಕಡಲ ಬಂಡೆಗಳನ್ನು ತೋರಿಸಿದೆ. "ಚೆನ್ನಾಗೈತೆ" ಅಂದು ತಿರುಗಿ ಬಂದರು. ಅವರ ಮನಸ್ಸು ನಿಂತಿದ್ದು ಬರ್ರೆನ್‌ನಲ್ಲಿ. ಕಣ್ಣು ಹಾಯುವಷ್ಟು ದೂರ ಬೂದು ಸುಣ್ಣಕಲ್ಲಿನ ಹಾಸು, ಸಂದಿಸಂದಿಯಲ್ಲಿ ಹೂವು. ಅಲ್ಲಿನ ರೈತರು ಚಳಿಗಾಲದಲ್ಲಿ ದನಗಳನ್ನು ಗುಡ್ಡದ ಮೇಲಕ್ಕೆ ಹೊಡೆಯುತ್ತಾರೆ, ಬೇಸಿಗೆಯಲ್ಲಿ ಕೆಳಕ್ಕೆ. ಬೇರೆ ಎಲ್ಲ ಕಡೆಯ ರೂಢಿಗೆ ಇದು ತಿರುಗುಮುರುಗು. ಕಲ್ಲು ಬೇಸಿಗೆಯ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ, ನೀರು ನಿಲ್ಲದೆ ಇಂಗುವುದರಿಂದ ಕಾಲಿಗೆ ಕೆಸರಿಲ್ಲ, ಚಳಿಯಲ್ಲೂ ಮೇವು ಇರುತ್ತದೆ. ದನ ಮೇಯ್ದು ಹುಲ್ಲು ತಗ್ಗಿದ್ದರಿಂದಲೇ ವಸಂತದಲ್ಲಿ ಆ ನೀಲಿ ಜೆನ್ಷಿಯನ್ ಹೂವುಗಳಿಗೆ ಬೆಳಕು ಸಿಗುತ್ತದೆ. ಲಿಸ್ಕ್ಯಾನರ್ ಹತ್ತಿರ ಸಂತ ಬ್ರಿಜಿಡ್‌ಳ ಬಾವಿಗೂ ಹೋದೆವು. ಕತ್ತಲೆ ಓಣಿಯಂಥ ಗುಹೆ. ಗೋಡೆ ತುಂಬ ತೀರಿಕೊಂಡವರ ಫೋಟೋ, ಜಪಮಾಲೆ, ಹರಕೆಯ ಚೀಟಿ. ಹಸು, ಹಾಲು, ಹೈನಕ್ಕೆ ಕಾಪು ಆ ತಾಯಿ ಅಂದೆ. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು. ಹೊರಗೆ ಬರುವಾಗ ಅವರ ಕಣ್ಣು ಒದ್ದೆಯಾಗಿತ್ತು. ಅಮ್ಮನನ್ನು ನೆನೆದರು ಅಂತ ನನಗೆ ಗೊತ್ತಾಯಿತು, ಕೇಳಲಿಲ್ಲ.

ಮೂರನೇ ದಿನ ಸಂಜೆ ಕಿಲ್ಲರಿ.

ಅವತ್ತು ರಾತ್ರಿ ಉಳಿದ ಮನೆಯಲ್ಲಿ, ಹತ್ತು ಗಂಟೆಗೂ ಆರದ ಬೆಳಕಿನಲ್ಲಿ ಕೂತು, ನನಗೆ ಗೊತ್ತಿದ್ದಷ್ಟನ್ನು ಅಪ್ಪನಿಗೆ ಹೇಳಿದೆ. 1845ರಲ್ಲಿ ಈ ದ್ವೀಪದಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಇದ್ದರು. ಹೆಚ್ಚುಕಡಿಮೆ ಮೂವತ್ತು ಲಕ್ಷ ಜನರಿಗೆ ದಿನದ ಊಟವೇ ಆಲೂಗಡ್ಡೆ. ಒಳ್ಳೆ ನೆಲದಲ್ಲಿ ಬೆಳೆದ ಓಟ್ಸ್, ಗೋಧಿ, ದನ, ಬೆಣ್ಣೆ ಎಲ್ಲ ಜಮೀನ್ದಾರನ ಗೇಣಿಗೆ, ಅಲ್ಲಿಂದ ಇಂಗ್ಲೆಂಡಿಗೆ. ಬಡವನಿಗೆ ಉಳಿದಿದ್ದು ಗುಡ್ಡದ ಇಳಿಜಾರು, ಜೌಗು. ಅಂಥ ಮಣ್ಣಲ್ಲೂ ಹೊಟ್ಟೆ ತುಂಬಿಸುವ ಬೆಳೆ ಆಲೂಗಡ್ಡೆ ಒಂದೇ. ಅದರಲ್ಲೂ ಬಡವರ ಹೊಲದಲ್ಲೆಲ್ಲ ಒಂದೇ ತಳಿ, ಲಂಪರ್. ಬಿತ್ತನೆ ಅಂದರೆ ಗೆಡ್ಡೆಯನ್ನೇ ಕೊಯ್ದು ನೆಡುವುದು, ಹಾಗಾಗಿ ಇಡೀ ಸೀಮೆಯಲ್ಲಿ ಒಂದೇ ಗಿಡ ನಿಂತ ಹಾಗೆ. 1845ರ ಬೇಸಿಗೆಯ ಕೊನೆಯಲ್ಲಿ ರೋಗ ಬಂತು. ಮರುವರ್ಷ ಪೂರ್ತಿ ಹೋಯಿತು. 1852ರ ಹೊತ್ತಿಗೆ ಹತ್ತು ಲಕ್ಷ ಜನ ಸತ್ತಿದ್ದರು, ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದ್ದರು.

"ಯಾವ ರೋಗ?" ಅಂದರು ಅಪ್ಪ.

"ಅಂಗಮಾರಿ."

ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ನಮ್ದೇ ಅಂಗಮಾರಿಯಾ?"

ಅದೇ. ಫೈಟಾಫ್ತೊರಾ ಇನ್‌ಫೆಸ್ಟಾನ್ಸ್. ಮಲೆನಾಡಿನಲ್ಲಿ ಅಡಿಕೆಗೆ ಬರುವ ಕೊಳೆರೋಗವೂ ಇದೇ ಕುಲದ್ದು. ನೋಡಲು ಬೂಷ್ಟಿನ ಹಾಗಿದ್ದರೂ ನೀರಿನ ಪಾಚಿಗೆ ನೆಂಟ. ಎಲೆ ಮೇಲೆ ನಿಂತ ತೇವದಲ್ಲಿ ಅದರ ಬೀಜಕಣ ಈಜಿಕೊಂಡೇ ಹೋಗುತ್ತದೆ. ಬಿಡದೆ ಹಿಡಿದ ಸೋನೆ, ಮೋಡ, ಸಣ್ಣ ಚಳಿ ಸಿಕ್ಕರೆ ಅದಕ್ಕೆ ಹಬ್ಬ.

ಆ ಹವೆ ನನಗೂ ಗೊತ್ತು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಮೇ ಕೊನೆಗೆ ಹಾಸನದ ಎಪಿಎಂಸಿಯಿಂದ ಜಲಂಧರ್ ಬಿತ್ತನೆ ಗೆಡ್ಡೆ ಸಾಲ ಮಾಡಿ ತಂದಿದ್ದರು, ಕುಫ್ರಿ ಜ್ಯೋತಿ. ನಮ್ಮ ಸೀಮೆಯಲ್ಲೂ ಹೊಲಹೊಲಕ್ಕೆ ಅದೊಂದೇ ತಳಿ. ನೆಟ್ಟು ಐವತ್ತು ದಿನ, ಮಣ್ಣು ಏರಿಸಿ ಆಗಿತ್ತು, ಹೊಲ ಕಣ್ಣಿಗೆ ತಂಪಾಗಿ ನಿಂತಿತ್ತು. ಆಮೇಲೆ ಆರು ದಿನ ಜಡಿ. ಎಲೆ ತುದಿಯಲ್ಲಿ ಕಪ್ಪು ಚುಕ್ಕಿ ಕಂಡ ಮೂರನೇ ದಿನಕ್ಕೆ ಇಡೀ ಹೊಲ ಬಿಸಿನೀರು ಹುಯ್ದ ಹಾಗೆ ಕುಸಿದಿತ್ತು. ಆ ವಾಸನೆ ಸ್ಕೂಲಿನ ದಾರಿಯವರೆಗೂ ಬರುತ್ತಿತ್ತು. ಅಪ್ಪ ಬದುವಿನ ಮೇಲೆ ಕೂತಿದ್ದರು. ಅಮ್ಮ ನನ್ನ ಕೈಯಲ್ಲಿ ಕಾಫಿ ಕಳಿಸಿದ್ದರು, ಅದನ್ನು ಅವರು ಕುಡಿಯಲಿಲ್ಲ. ಆ ವರ್ಷ ಅಮ್ಮನ ಬಳೆ ಹೋಯಿತು. ಆಮೇಲೂ ಕೆಲವು ವರ್ಷ ಬೆಳೆದರು. ಕೊನೆಗೆ ಸುತ್ತಮುತ್ತಲ ಎಲ್ಲರ ಹಾಗೆ ಮುಸುಕಿನ ಜೋಳ, ಶುಂಠಿಗೆ ತಿರುಗಿಕೊಂಡರು. ಈಗ ಚಿಕ್ಕಪ್ಪ ಮಾತ್ರ ಅರ್ಧ ಎಕರೆ ಹಾಕುತ್ತಾರೆ.

"ನಮಗೆ ರಾಗಿ ಇತ್ತು ಕಣವ್ವ" ಅಂದರು ಅಪ್ಪ ಬಹಳ ಹೊತ್ತಿನ ಮೇಲೆ. "ಆಲೂಗಡ್ಡೆ ಹೋದ್ರೆ ಸಾಲ. ಮುದ್ದೆಗೇನೂ ತತ್ವಾರ ಇರಲಿಲ್ಲ. ಇವರಿಗೆ ಅದೇ ಮುದ್ದೆ."

ಇದನ್ನು ಇಷ್ಟು ಸಲೀಸಾಗಿ ಯಾವ ಪುಸ್ತಕವೂ ನನಗೆ ತಿಳಿಸಿರಲಿಲ್ಲ. ರಾಗಿಯನ್ನು ಹಗೇವಿನಲ್ಲಿ ಹುಗಿದಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆಲೂಗಡ್ಡೆಯನ್ನು ಗುಂಡಿಯಲ್ಲಿ ಮುಚ್ಚಿಟ್ಟರೂ ಬೇಸಿಗೆ ದಾಟುವುದಿಲ್ಲ. ಒಳ್ಳೆ ವರ್ಷದಲ್ಲೂ ಹಳೆ ಗೆಡ್ಡೆ ಮುಗಿದು ಹೊಸದು ಬರುವ ತನಕ ಐರ್ಲೆಂಡಿನ ಬಡವರಿಗೆ ಜುಲೈ ತಿಂಗಳು ಹಸಿವಿನ ತಿಂಗಳು, ಎಲೆಕೋಸಿನ ಜುಲೈ ಅಂತಲೇ ಅದಕ್ಕೆ ಹೆಸರು. ನಾವು ಗೆಡ್ಡೆ ತುಂಬಿದ ತಟ್ಟೆ ಮುಂದೆ ಕೂತಿದ್ದೂ ಜುಲೈನಲ್ಲೇ.

ಮಾರನೆ ದಿನ ಬೆಳಗ್ಗೆ ಡೂಲಾಖ್ ಕಣಿವೆ ಹಿಡಿದು ಉತ್ತರಕ್ಕೆ ಹೊರಟೆವು. ಒಂದು ಕಡೆ ಮ್ವೀಲ್‌ರೇ, 814 ಮೀಟರ್, ಆ ಪ್ರಾಂತ್ಯಕ್ಕೇ ಎತ್ತರದ ಬೆಟ್ಟ. ಇನ್ನೊಂದು ಕಡೆ ಷೆಫ್ರಿ ಗುಡ್ಡಗಳು. ನಡುವೆ ಕರಿಕೆರೆ, ಹೆಸರಿಗೆ ತಕ್ಕ ಬಣ್ಣ. ಮನೆಯಿಲ್ಲ, ಮರವಿಲ್ಲ. ಬೆನ್ನಿಗೆ ನೀಲಿ, ಕೆಂಪು ಬಣ್ಣ ಬಳಿದ ಕುರಿಗಳು ರಸ್ತೆ ಮೇಲೇ ಮಲಗಿದ್ದವು. ಯಾರ ಕುರಿ ಅಂತ ಗುರುತಿಗೆ ಆ ಬಣ್ಣ.

1849ರ ಮಾರ್ಚ್ ಕೊನೆಗೆ ನೂರಾರು ಜನ ಹಸಿದವರು ಲೂಯಿಸ್‌ಬರ್ಗ್ ಊರಲ್ಲಿ ಸೇರಿದ್ದರು. ಗಂಜಿ ಪರಿಹಾರ ಮುಂದುವರಿಯಬೇಕಾದರೆ ಅಧಿಕಾರಿಗಳ ಮುಂದೆ ಹಾಜರಿ ಕೊಡಬೇಕಿತ್ತು. ಆ ಅಧಿಕಾರಿಗಳು ಈ ಕಣಿವೆಯ ಇನ್ನೊಂದು ತುದಿಯ ಡೆಲ್ಫಿ ಬಂಗಲೆಗೆ ಹೋಗಿದ್ದರು. ಬೆಳಗ್ಗೆ ಅಲ್ಲಿಗೇ ಬನ್ನಿ, ಬರದಿದ್ದರೆ ಹೆಸರು ಹೊಡೆದುಹಾಕುತ್ತೇವೆ ಅಂದರು. ಸುಮಾರು 19 ಕಿಲೋಮೀಟರ್. ಮೈಮೇಲೆ ಚಿಂದಿ, ಹೊಟ್ಟೆಗಿಲ್ಲ, ಗಾಳಿಮಳೆ. ರಾತ್ರಿಯಿಡೀ ನಡೆದು ಹೋದರು. ಸಾಹೇಬರು ಊಟಕ್ಕೆ ಕೂತಿದ್ದರು, ಕಾಯಿರಿ ಅಂದರು ಅಂತ ಜನರ ಬಾಯಲ್ಲಿ ಕಥೆ ಉಳಿದಿದೆ. ಕೊನೆಗೆ ಏನೂ ಸಿಗಲಿಲ್ಲ. ವಾಪಸು ನಡೆಯುವಾಗ ದಾರಿಯುದ್ದಕ್ಕೂ ಬಿದ್ದರು. ಆ ಕಾಲದ ಪತ್ರಿಕೆಗೆ ಬಂದ ಪತ್ರದಲ್ಲಿ ಏಳು ಹೆಣಗಳ ಮಾತಿದೆ. ಸೀಮೆಯ ಜನ ಹೇಳುವುದು ನೂರಾರು.

ನಾವು ಹೋಗುತ್ತಿದ್ದ ದಿಕ್ಕು ಅವರು ಬರಿಗೈಯಲ್ಲಿ ತಿರುಗಿದ ದಿಕ್ಕು.

ರಸ್ತೆ ಪಕ್ಕ ಒಂದು ಒರಟು ಕಲ್ಲಿನ ಶಿಲುಬೆ ಇದೆ. ಅದರ ಮೇಲೆ ಗಾಂಧೀಜಿಯ ಮಾತು ಕೆತ್ತಿದ್ದಾರೆ. ತನ್ನಂಥದೇ ಜೀವವನ್ನು ಅವಮಾನ ಮಾಡಿ ಮನುಷ್ಯ ಹೇಗೆ ತಾನು ದೊಡ್ಡವನೆಂದುಕೊಳ್ಳುತ್ತಾನೆ ಅನ್ನುವ ಅರ್ಥದ ಸಾಲು. ಆ ನಿರ್ಜನದಲ್ಲಿ, ಮಳೆಯಲ್ಲಿ, ಗಾಂಧಿ ಅನ್ನುವ ಹೆಸರನ್ನು ಅಪ್ಪ ಗುರುತು ಹಿಡಿದರು. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದುವಷ್ಟು ಅವರಿಗೆ ಬರುತ್ತದೆ. ಬೆರಳಿಟ್ಟು ಓದಿ, ಟೋಪಿ ತೆಗೆದು ಕೈಮುಗಿದರು.

ನಾನು ನಿಂತು ಯೋಚಿಸಿದ್ದು ಇನ್ನೊಂದು. ಆ ಬರದ ಕಾಲದಲ್ಲಿ ಲಂಡನ್ನಿನ ಖಜಾನೆಯಲ್ಲಿ ಕೂತು ಪರಿಹಾರದ ಹಣವನ್ನು ಬಿಗಿಹಿಡಿದ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್. ಕಂಪನಿ ಚಾಕರಿಗೆ ಇಂಡಿಯಾಕ್ಕೆ ಬಂದು ಹೋಗಿದ್ದವನು, 1859ರಲ್ಲಿ ಮದರಾಸಿನ ಗವರ್ನರ್ ಆಗಿ ಮತ್ತೆ ಬಂದ. ಸುಮ್ಮನೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ, ಮಾರುಕಟ್ಟೆಗೆ ಕೈ ಹಾಕಬಾರದು ಅನ್ನುವ ಅದೇ ನಂಬಿಕೆ ಮೂವತ್ತು ವರ್ಷದ ಮೇಲೆ ನಮ್ಮ ಕಡೆಯೂ ಕೆಲಸ ಮಾಡಿತು. 1876ರಿಂದ 78ರವರೆಗಿನ ಬರ. 1871ರಲ್ಲಿ ಐವತ್ತು ಲಕ್ಷದಷ್ಟಿದ್ದ ಮೈಸೂರು ಸಂಸ್ಥಾನದ ಜನ 1881ರ ಗಣತಿಗೆ ನಲವತ್ತೆರಡು ಲಕ್ಷಕ್ಕೆ ಇಳಿದಿದ್ದರು. ಹಗೇವಿನ ರಾಗಿಯೂ ಅಷ್ಟು ವರ್ಷದ ಬರಕ್ಕೆ ಸಾಲಲಿಲ್ಲ. ಅಪ್ಪನ ಅಜ್ಜಿ ಅದನ್ನು ದೊಡ್ಡ ಬರ ಅನ್ನುತ್ತಿದ್ದರಂತೆ, ಅವರ ತಾಯಿ ಕಂಡಿದ್ದು. ಐರಿಷ್‌ನಲ್ಲಿ ಇವರ ಬರಕ್ಕೆ ಅನ್ ಗೊರ್ತಾ ಮೋರ್ ಅಂತ ಹೆಸರು. ಗೊರ್ತಾ ಅಂದರೆ ಹಸಿವು, ಬರ. ಮೋರ್ ಅಂದರೆ ದೊಡ್ಡದು. ನಮ್ಮ ದೊಡ್ಡ ಬರಕ್ಕೆ ಒಂದು ಕಲ್ಲು ನಿಲ್ಲಿಸಿದ್ದನ್ನು ನಮ್ಮ ಜಿಲ್ಲೆಯಲ್ಲಿ ನಾನು ಎಲ್ಲೂ ಕಂಡಿಲ್ಲ. ಇದು ನನಗೆ ನೋವಿನ ವಿಷಯ. ನಮ್ಮ ಮುತ್ತಜ್ಜಿಯರೂ ಹೀಗೇ ನಡೆದಿದ್ದಾರೆ, ಯಾವ ದಾರಿಯಲ್ಲಿ ಅಂತ ಹೇಳುವವರಿಲ್ಲ.

ಲೂಯಿಸ್‌ಬರ್ಗ್ ದಾಟಿ ಸ್ವಲ್ಪ ಮುಂದೆ ಒಂದು ಗೇಟಿನ ಹತ್ತಿರ ಹಲಗೆ ಕಂಡಿತು, ಹೊಸ ಆಲೂಗಡ್ಡೆ ಮಾರಾಟಕ್ಕಿದೆ ಅಂತ. ಮೇಜಿನ ಮೇಲೆ ಕಾಗದದ ಚೀಲಗಳು, ದುಡ್ಡು ಹಾಕಲು ಒಂದು ಡಬ್ಬಿ. ಯಾರೂ ಇಲ್ಲ. ಅಪ್ಪ ಒಂದು ಗೆಡ್ಡೆ ತೆಗೆದು ಹೆಬ್ಬೆರಳಿನಿಂದ ಉಜ್ಜಿದರು. ಎಳೆ ಸಿಪ್ಪೆ ಸುಲಿದುಕೊಂಡು ಬಂತು. ಉಗುರು ಒತ್ತಿ ಮೂಸಿ ನೋಡಿದರು. ಅಷ್ಟರಲ್ಲಿ ಮನೆ ಹಿಂದಿನಿಂದ ವಯಸ್ಸಾದ ಯಜಮಾನರೊಬ್ಬರು ಬಂದರು. ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಸಲಿಕೆ. ನಮ್ಮಪ್ಪ ಆಲೂಗಡ್ಡೆ ರೈತರು ಅಂದೆ. ಅಷ್ಟೇ ಸಾಕಾಯಿತು, ಸೀದಾ ತೋಟಕ್ಕೆ ಕರೆದುಕೊಂಡು ಹೋದರು.

ನಾಲ್ಕು ಸಾಲು ಬೋದು, ಕೈಯಲ್ಲೇ ಅಗೆದದ್ದು. ಅವರು ಹೇಳಿದ್ದನ್ನು ನಾನು ಕನ್ನಡಕ್ಕೆ, ಅಪ್ಪ ಕೇಳಿದ್ದನ್ನು ಇಂಗ್ಲಿಷಿಗೆ ಮಾಡುತ್ತಾ ನಡುವೆ ನಿಂತಿದ್ದೆ. ಆದರೆ ಅರ್ಧ ಮಾತಿಗೆ ನಾನು ಬೇಕೇ ಆಗಲಿಲ್ಲ. ನೆಲ ಉಳದೆ ಹುಲ್ಲಿನ ಮೇಲೇ ಸಾಲಾಗಿ ಗೊಬ್ಬರ, ಕಡಲಪಾಚಿ ಹಾಸಿ, ಬಿತ್ತನೆ ಗೆಡ್ಡೆ ಇಟ್ಟು, ಎರಡೂ ಪಕ್ಕದ ಹುಲ್ಲುಹೆಂಟೆಯನ್ನು ಅಗೆದು ಮಗುಚಿ ಮೇಲೆ ಮುಚ್ಚುವುದು ಹಳೆ ಪದ್ಧತಿ. ಪಕ್ಕದಲ್ಲಿ ಆಗುವ ಕಾಲುವೆಯಲ್ಲಿ ನೀರು ಬಸಿದುಹೋಗುತ್ತದೆ. ಯಜಮಾನರು ಸಲಿಕೆ ಹಾಕಿ ತೋರಿಸಿದರು. ಅಪ್ಪ ಸಲಿಕೆ ಇಸಕೊಂಡು ತಾವೂ ಒಂದು ಹೆಂಟೆ ಮಗುಚಿದರು. ಇದಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ ಅಂತ ಕೇಳಿದರು. ಲೇಜಿ ಬೆಡ್ ಅಂತ, ಸೋಮಾರಿ ಮಡಿ ಅಂದೆ.

"ಸೋಮಾರಿನಾ?" ಅಪ್ಪನ ಮುಖ ಕೆಂಪಾಯಿತು. "ಆ ಗುಡ್ಡದ ನೆತ್ತಿಗೆ ಕಡಲಿಂದ ಪಾಚಿ ಹೊತ್ತುಕೊಂಡು ಹೋಗಿ ಬೋದು ಹಾಕಿದೋನು ಸೋಮಾರಿನಾ? ಹೆಸರಿಟ್ಟೋನು ಒಂದು ದಿನ ಗುದ್ದಲಿ ಹಿಡಿದಿದ್ನಾ ಕೇಳು."

ನಾನು ಕೇಳಿದೆ. ಯಜಮಾನರು ಅಪ್ಪನ ಭುಜದ ಮೇಲೆ ಕೈಯಿಟ್ಟರು.

ಆಮೇಲೆ ಅವರೇ ಕೇಳಿದರು, ನಿಮ್ಮ ಕಡೆಯೂ ಆ ರೋಗ ಬರುತ್ತದಾ ಅಂತ. ಅಪ್ಪ ಉತ್ತರ ಹೇಳಲಿಲ್ಲ. ಬಗ್ಗಿ ಒಂದು ಗಿಡದ ಕೆಳಗಿನ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಹಿಂದುಮುಂದಾಗಿ ತಿರುಗಿಸಿದರು. ಎಲೆಯ ಹಿಂಬದಿಯನ್ನು ಬೆಳಕಿಗೆ ಹಿಡಿದರು. ಚುಕ್ಕಿಯ ಅಂಚಿನಲ್ಲಿ ಬಿಳಿ ಬೂಷ್ಟು ಇದ್ದರೆ ಅಂಗಮಾರಿ, ಇಲ್ಲದಿದ್ದರೆ ಬೇರೆ ಏನೋ. ಯಜಮಾನರೂ ಪಕ್ಕದ ಗಿಡದ ಎಲೆ ತಿರುಗಿಸಿದರು, ಅದೇ ಎರಡು ಬೆರಳು, ಅದೇ ತಿರುವು. ಇಬ್ಬರೂ ಎಲೆ ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಐರಿಷ್‌ನಲ್ಲಿ ಈ ರೋಗಕ್ಕೆ ಡೂಖನ್ ಅನ್ನುತ್ತಾರೆ, ಕಪ್ಪಾಗುವುದು ಅಂತ ಅರ್ಥ. ತಮ್ಮ ತಂದೆ ನೀಲಿಕಲ್ಲು, ಸೋಡಾ ಕಲಸಿ ಹೊಡೆಯುತ್ತಿದ್ದರು, ಕೊಟ್ಟಿಗೆಯ ಸುಣ್ಣದ ಗೋಡೆಯೆಲ್ಲ ನೀಲಿಯಾಗಿರುತ್ತಿತ್ತು ಅಂದರು ಯಜಮಾನರು. "ಮೈಲುತುತ್ತ" ಅಂದರು ಅಪ್ಪ, ನಾನು ಬಾಯಿ ತೆರೆಯುವ ಮುಂಚೆಯೇ. ಅಡಿಕೆ, ಕಾಫಿ ತೋಟದ ಕೂಲಿಗೆ ಹೋದ ಕಾಲದಲ್ಲಿ ಅದಕ್ಕೇ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲಸಿದ ಕೈ ಅವರದು.

ಈ ದೇಶದ ಹವಾಮಾನ ಇಲಾಖೆ ಇವತ್ತಿಗೂ ಗಾಳಿ, ಹಿಮದ ಎಚ್ಚರಿಕೆಯ ಜೊತೆ ಅಂಗಮಾರಿಯ ಎಚ್ಚರಿಕೆಯನ್ನೂ ಕೊಡುತ್ತದೆ. ಹತ್ತು ಡಿಗ್ರಿಗಿಂತ ಮೇಲಿನ ಉಷ್ಣ, ಶೇಕಡಾ 90ಕ್ಕಿಂತ ಹೆಚ್ಚು ತೇವ, ಇವೆರಡೂ ಒಟ್ಟಿಗೆ ಹನ್ನೆರಡು ಗಂಟೆ ನಿಂತರೆ ಅಪಾಯ ಶುರು. 1950ರ ದಶಕದಲ್ಲಿ ಆಸ್ಟಿನ್ ಬೋರ್ಕ್ ಅನ್ನುವ ಹವಾಮಾನ ತಜ್ಞ ಮಾಡಿದ ಲೆಕ್ಕ ಇದು. ಅವತ್ತು ಕೂಡ ಪಶ್ಚಿಮ ಕರಾವಳಿಗೆ ಎಚ್ಚರಿಕೆ ಇತ್ತು, ಯಜಮಾನರ ಫೋನಿನಲ್ಲಿ ಹಳದಿ ಗುರುತು. ಅಪ್ಪ ಅದನ್ನು ಮತ್ತೆ ಮತ್ತೆ ಕೇಳಿ ತಿಳಿದುಕೊಂಡರು. "ಮೊದಲೇ ಹೇಳ್ತಾರಾ? ಎಲ್ರಿಗೂ? ದುಡ್ಡಿಲ್ದೆ?"

ಅವರ ಹೆಂಡತಿ ಅಡುಗೆಮನೆಗೆ ಕರೆದು ಆಗತಾನೆ ಬೆಂದ ಆಲೂಗಡ್ಡೆ, ಬೆಣ್ಣೆ, ಉಪ್ಪು ಇಟ್ಟರು. ಸಿಪ್ಪೆ ಬಿರಿದು ಒಳಗಿನ ಹಿಟ್ಟು ಹೂವಿನ ಹಾಗೆ ಅರಳಿತ್ತು. ಹೀಗೆ ಬಿರಿದರೆ ಗೆಡ್ಡೆ ನಗುತ್ತಿದೆ ಅಂತಾರೆ ಇಲ್ಲಿ. ಹೊರಡುವಾಗ ಯಜಮಾನರು ಇನ್ನೊಂದು ಮಾತು ಹೇಳಿದರು. ಬರದಲ್ಲಿ ಯಾರಾದರೂ ಹಸಿದು ಬಿದ್ದು ಸತ್ತ ಜಾಗದಲ್ಲಿ ಹಸಿವಿನ ಹುಲ್ಲು ಹುಟ್ಟುತ್ತದಂತೆ. ಗೊತ್ತಿಲ್ಲದೆ ಅದನ್ನು ತುಳಿದವರಿಗೆ ಇದ್ದಕ್ಕಿದ್ದಂತೆ ಪ್ರಾಣ ಹೋಗುವಂಥ ಹಸಿವು. ಅದಕ್ಕೇ ಗುಡ್ಡಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಚೂರು ರೊಟ್ಟಿ ಇರಲಿ ಅಂತ ಹಿರಿಯರು ಹೇಳುತ್ತಿದ್ದರಂತೆ. ಅಪ್ಪ ಕಾರಿಗೆ ಬಂದು, ಹುರಿಹಿಟ್ಟಿನ ಒಂದು ಪೊಟ್ಟಣ ಕಟ್ಟಿ ಅವರ ಕೈಗೆ ಕೊಟ್ಟರು.

ಆಕಿಲ್ ದ್ವೀಪಕ್ಕೆ ಸೇತುವೆ ಇದೆ, ಕಾರಲ್ಲೇ ಹೋಗಬಹುದು. ಸ್ಲೀವ್‌ಮೋರ್ ಬುಡದಲ್ಲಿ, ನಮ್ಮ ದೊಡ್ಡಬೆಟ್ಟದ ಬುಡದಲ್ಲಿ, ಹಾಳೂರು. ಎಂಬತ್ತಕ್ಕೂ ಹೆಚ್ಚು ಕಲ್ಲುಮನೆಗಳು ಒಂದೇ ಸಾಲಿನಲ್ಲಿ, ಮೈಲಿಯುದ್ದ. ಮೇಲೆ ಸೂರಿಲ್ಲ. ಒಂದೇ ಕೋಣೆ, ಅದರಲ್ಲೇ ಮನುಷ್ಯರು, ಅದರಲ್ಲೇ ದನ. ದನ ಕಟ್ಟಲು ಗೋಡೆಯಲ್ಲಿ ಕಲ್ಲಿನ ಬಳೆ ಇನ್ನೂ ಇದೆ. ಅಪ್ಪ ಅದರೊಳಗೆ ಬೆರಳು ತೂರಿಸಿ ನೋಡಿದರು, ಹಗ್ಗ ಉಜ್ಜಿ ಉಜ್ಜಿ ಒಳಗೆ ನುಣುಪಾಗಿತ್ತು. ಜನ ಬಿಟ್ಟುಹೋದ ಮೇಲೂ ಸುತ್ತಲಿನ ಊರವರು ಬೇಸಿಗೆಯಲ್ಲಿ ದನ ಹೊಡೆದುಕೊಂಡು ಬಂದು ಈ ಮನೆಗಳಲ್ಲೇ ಉಳಿಯುತ್ತಿದ್ದರು, ಹಾಲು ಕರೆದು ಬೆಣ್ಣೆ ಮಾಡುತ್ತಿದ್ದರು. ಮನೆಗಳ ಸುತ್ತ ಅದೇ ಬೋದುಗಳು, ಕಡಲಿನ ಕಡೆಗೆ ಇಳಿದುಕೊಂಡು. ಅಪ್ಪ ಒಂದು ಬೋದ ಮೇಲೆ ಹತ್ತಿ, ಅಗಲವನ್ನು ಹೆಜ್ಜೆಯಲ್ಲಿ ಅಳೆದರು. ಪಕ್ಕದ ಕಾಲುವೆಯಲ್ಲಿ ನಿಂತರು. "ಸಾಲು ಎಷ್ಟು ನೇರಕ್ಕೆ ಹೊಡೆದವ್ನೆ ನೋಡು" ಅಂದರು, ಆ ಮನುಷ್ಯ ಅಲ್ಲೇ ಎಲ್ಲೋ ಇದ್ದಾನೆ ಅನ್ನುವ ಹಾಗೆ.

1841ರಲ್ಲಿ ಮೇಯೋ ಕೌಂಟಿಯಲ್ಲಿ 3.89 ಲಕ್ಷ ಜನ. 2022ರ ಗಣತಿಯಲ್ಲಿ 1.38 ಲಕ್ಷದ ಹತ್ತಿರ. ನಮ್ಮ ಹಾಸನ ಜಿಲ್ಲೆಗಿಂತ ವಿಸ್ತೀರ್ಣದಲ್ಲಿ ಸ್ವಲ್ಪ ಚಿಕ್ಕದು, ಹಾಸನದಲ್ಲಿ ಹದಿನೇಳು ಲಕ್ಷಕ್ಕೂ ಹೆಚ್ಚು ಜನ ಇದ್ದೇವೆ. ಇದನ್ನು ಕೇಳಿದ ಮೇಲೆ, ಐದು ದಿನದಿಂದ ಹಸಿರು, ನೆಮ್ಮದಿ, ಖಾಲಿ ಅಂತ ನನ್ನ ಬಾಯಲ್ಲಿ ಬರುತ್ತಿದ್ದ ಮಾತುಗಳಲ್ಲಿ ಕೊನೆಯದನ್ನು ನಾನು ಆಡಲಿಲ್ಲ.

ವಾಪಸು ಬರುವಾಗ ಸ್ಟ್ರೋಕ್ಸ್‌ಟೌನ್‌ನ ಬರಗಾಲದ ವಸ್ತುಸಂಗ್ರಹಾಲಯಕ್ಕೆ ಹೋದೆವು. 1847ರಲ್ಲಿ ಅಲ್ಲಿನ ಜಮೀನ್ದಾರ 1,490 ಜನ ಒಕ್ಕಲುಗಳನ್ನು ಡಬ್ಲಿನ್‌ವರೆಗೆ ನಡೆಸಿ ಹಡಗಿಗೆ ಕಳಿಸಿದ. 165 ಕಿಲೋಮೀಟರಿನ ಆ ದಾರಿಯುದ್ದಕ್ಕೂ ಈಗ ಕಂಚಿನ ಪುಟ್ಟ ಮಕ್ಕಳ ಷೂಗಳನ್ನು ಇಟ್ಟಿದ್ದಾರೆ. ಅಪ್ಪನಿಗೆ ಸುಸ್ತಾಗಿತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ. ಕಾರಿನಲ್ಲಿ ಕಾಲಮೇಲೆ ಆಲೂಗಡ್ಡೆ ಚೀಲ ಇಟ್ಟುಕೊಂಡೇ ನಿದ್ದೆ ಹೋದರು. ಊರಿಗೆ ಬಿತ್ತನೆಗೆ ಒಯ್ಯುವ ಹಾಗಿಲ್ಲ, ಗೆಡ್ಡೆ ಜೊತೆ ರೋಗವೂ ಹೋಗುತ್ತದೆ ಅಂತ ಅವರೇ ಹೇಳಿದ್ದರು.

ಮರುದಿನ ಬೆಳಗ್ಗೆ ಐದಕ್ಕೆ ಎಚ್ಚರವಾಯಿತು. ಡಬ್ಲಿನ್‌ನಲ್ಲಿ ಆಗಲೇ ಬೆಳಕು. ಊರಲ್ಲಿ ಒಂಬತ್ತೂವರೆ. ಅಪ್ಪ ಅಡುಗೆಮನೆಯಲ್ಲಿ ನಿಂತು ಚಿಕ್ಕಪ್ಪನ ಜೊತೆ ಫೋನಿನಲ್ಲಿದ್ದರು.

"ಎಷ್ಟು ದಿನದಿಂದ ಮೋಡ? ಮೂರು ದಿನವಾ? ಸೋನೆ ಐತಾ? ... ಔಷಧಿ ಆಮೇಲೆ ಹೊಡೀವಂತೆ, ಫೋನ್ ಹಂಗೇ ಇಟ್ಕೊಂಡು ಹೊಲಕ್ಕೆ ಇಳಿ. ಇಳಿದ್ಯಾ? ಕೆಳಗಡೆ ಎಲೆ ಹಿಡ್ಕೊ. ಮೇಲ್ಗಡೆ ಅಲ್ಲ ಕಣ್ಲಾ, ತಿರುಗಿಸಿ ಹಿಂದಗಡೆ ನೋಡು."